ಮತ್ತು ಇತರರು

"ಒಂದು ಫೋಟೋನಾದ್ರೂ ಇಲ್ವಾ? ಒಂದೇ ಒಂದು?"

ಕೆಸ್ಲರ್ ಟೀಚರ್ ಇದನ್ನು ಮೂರನೇ ಸಲ ಕೇಳಿದಾಗ ಫಿಲೋಮೆನಾ ಕಾಫಿಯ ಜಗ್ಗನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಕುಕ್ಕಿದಳು.

"ಇತ್ತು. ಸುಟ್ಟುಹಾಕ್ದೆ."

"ಅಂದ್ರೆ, ಬಾಂಬ್ ಬಿದ್ದಾಗ ಸುಟ್ಟುಹೋಯ್ತಾ?"

"ಬಾಂಬೂ ಇಲ್ಲ ಗೀಂಬೂ ಇಲ್ಲ. ನಾನೇ ಕಡ್ಡಿ ಗೀರಿ ಸುಟ್ಟೆ."

ಟೀಚರ್ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಒಲೆಯ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಮಗಳು ರಮೋನಾ ಕೂಡ ಚಾಕು ಕೆಳಗಿಟ್ಟಳು. ಅವಳಿಗೆ ಇಪ್ಪತ್ತೇಳು ವರ್ಷ, ಪೇಟೆ ಬೀದಿಯ ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಕೆಲಸ. ಊರಿನ ಅರ್ಧ ಹೆಂಗಸರ ಗುಟ್ಟು ಅವಳ ಕಿವಿಗೆ ಬಿದ್ದಿದೆ. ಹೆತ್ತ ತಾಯಿಗೆ ಒಡಹುಟ್ಟಿದವರು ಎಷ್ಟು ಮಂದಿ ಇದ್ದರು ಅನ್ನುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಟೀಚರ್ ಬಂದದ್ದು ಕಲ್ಲಿನ ವಿಷಯಕ್ಕೆ. ಆ ವಸಂತಕ್ಕೆ ಯುದ್ಧ ಮುಗಿದು ನಲವತ್ತು ವರ್ಷ. ಜರ್ಮನಿಯ ನೆಕರ್ ನದಿ ದಂಡೆಯ ಆ ಸಣ್ಣ ಊರಿನ ಪುರಸಭೆಗೆ, ನಾಜಿಗಳ ಕಾಲದಲ್ಲಿ ಊರಿನಿಂದ ಎಳೆದೊಯ್ದು ಕೊಂದವರ ನೆನಪಿಗೆ ಚರ್ಚಿನ ಮುಂದೆ ಒಂದು ಕಲ್ಲು ನಿಲ್ಲಿಸಬೇಕು ಅಂತ ಕೊನೆಗೂ ಅನ್ನಿಸಿತ್ತು. ಎರಡು ಯೆಹೂದಿ ಮನೆತನಗಳ ಒಂಬತ್ತು ಜನ, ಒಬ್ಬ ಅಚ್ಚುಮೊಳೆ ಜೋಡಿಸುವವನು, ಒಬ್ಬ ಪಾದ್ರಿ. ಅವರಿಗೆಲ್ಲ ಕಾಗದಪತ್ರ ಇತ್ತು. ಅಷ್ಟರಲ್ಲಿ ಕೆಸ್ಲರ್ ಟೀಚರ್ ಶಾಲೆಯ ಅಟ್ಟದಲ್ಲಿ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿದ್ದಳು. ಒಂದೇ ಮನೆತನದ ಮೂರು ಮಕ್ಕಳ ಹೆಸರಿನ ಮುಂದೆ, ನಲವತ್ಮೂರನೇ ಇಸವಿಯ ಮಾರ್ಚ್ ತಿಂಗಳಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಯಾರೋ ಬರೆದಿದ್ದರು: ಊರು ಬಿಟ್ಟು ಹೋಗಿದ್ದಾರೆ.

ಟೀಚರ್ ಮನೆಗೆ ಹೋಗಿ ತನ್ನ ಅಮ್ಮನನ್ನು ಕೇಳಿದಳಂತೆ. ಆಕೆ ಅದೇ ತರಗತಿಯಲ್ಲಿ, ಫಿಲೋಮೆನಾಳ ಹಿಂದಿನ ಬೆಂಚಿನಲ್ಲಿ ಕೂತಿದ್ದವಳು. "ಅಯ್ಯೋ, ಜಿಪ್ಸಿಗಳಲ್ವೇನೇ? ಹೋಗೋದೇ ಅವರ ಕಸುಬು. ಇವತ್ತು ಇರ್ತಾರೆ, ನಾಳೆ ಇರಲ್ಲ" ಅಂದಳಂತೆ.

ಫಿಲೋಮೆನಾಳ ಅಪ್ಪ ಗಿರಣಿ ಬೀದಿಯ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದ. ಪಿಟೀಲು ರಿಪೇರಿ ಮಾಡುತ್ತಿದ್ದ. ಚರ್ಚಿನ ಪಿಟೀಲಿಗೂ ತಂತಿ ಹಾಕಿದವನು ಅವನೇ. ಅಂಥ ಸಂಸಾರ ಒಂದು ಬೆಳಿಗ್ಗೆ ಪೂರ್ತಿ ಕಾಣೆಯಾದಾಗ ಎಲ್ಲಿಗೆ ಹೋದರು ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ. ನಾವು ಸಿಂತಿಗಳು, ಊರಿನ ಬಾಯಲ್ಲಿ ಜಿಪ್ಸಿಗಳು, ಅಂದರೆ ಹೋಗುವವರು ಅಂತ ಊರು ಎಂದೋ ತೀರ್ಮಾನ ಮಾಡಿಯಾಗಿತ್ತು. ಬೇರೆಯವರನ್ನು ಹಿಡಿದೊಯ್ದಾಗ ಪರದೆಯ ಹಿಂದೆ ನಿಂತಾದರೂ ಪಿಸುಗುಟ್ಟಿದ್ದರು. ನಮ್ಮವರ ಪಾಲಿಗೆ ಅದೂ ಬರಲಿಲ್ಲ.

"ಯಾಕೆ ಸುಟ್ರಿ?" ಎಂದು ಟೀಚರ್ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

"ಯಾಕೆ ಅಂದ್ರೆ? ಸತ್ತಿದ್ರು. ಸತ್ತೋರ ಸಾಮಾನು ಇಟ್ಕೊಂಡು ಕೂತಿರೋಕೆ ನಾವೇನು ಗಾಜೊಗಳಾ?" ಗಾಜೊ ಅಂದರೆ ನಮ್ಮವರಲ್ಲದವರು. ಟೀಚರೂ ಗಾಜೊ ಅನ್ನುವುದು ಮಾತು ಮುಗಿದ ಮೇಲೆ ಫಿಲೋಮೆನಾಳಿಗೆ ನೆನಪಾಯಿತು. "ನಿಮ್ಗೆ ಹೇಳಿದ್ದಲ್ಲ ಬಿಡಿ" ಎಂದು ಇನ್ನಷ್ಟು ಕಾಫಿ ಬಗ್ಗಿಸಿದಳು.

ಆಮೇಲೆ ಹೇಳಿದಳು. ಪೋಲೆಂಡಿನ ಶಿಬಿರದಲ್ಲಿ ಕೆಲಸಕ್ಕಾಗುವವರನ್ನು ಬೇರೆ ಕಡೆ ಕಳಿಸಲು ಸಾಲು ನಿಲ್ಲಿಸಿದಾಗ ಚಿಕ್ಕಮ್ಮ ಇವಳಿಗೆ ಹದಿನಾಲ್ಕು ವರ್ಷ ಅಂತ ಸುಳ್ಳು ಹೇಳಿ ತನ್ನ ಪಕ್ಕಕ್ಕೆ ಎಳೆದುಕೊಂಡಳು. ಆಗ ಹನ್ನೆರಡೂ ತುಂಬಿರಲಿಲ್ಲ. ಇಬ್ಬರೇ ತಿರುಗಿ ಬಂದರು. ಗಿರಣಿ ಬೀದಿಯ ಮನೆಯಲ್ಲಿ ಬೇರೆ ಯಾರೋ ಇದ್ದರು. ಆದರೆ ಪಕ್ಕದ ಮನೆಯ ಇಸ್ತ್ರಿ ಹೆಂಗಸು ಒಂದು ಟ್ರಂಕನ್ನು ಎರಡು ವರ್ಷ ಕಲ್ಲಿದ್ದಲ ಕೋಣೆಯಲ್ಲಿ ಬಚ್ಚಿಟ್ಟಿದ್ದಳು. ಪೋಲೀಸರು ಬೀಗ ಹಾಕುವ ಮುಂಚೆ ಹಿತ್ತಲಿನಿಂದ ನುಗ್ಗಿ ತಂದದ್ದು. ಅಪ್ಪನ ಪಿಟೀಲು, ಅಮ್ಮನ ಲಂಗ, ಕಾಪಿ ಪುಸ್ತಕಗಳು, ಜ್ಞಾನಸ್ನಾನದ ಕಾಗದಗಳು, ಮತ್ತೆ ಒಂದು ದೊಡ್ಡ ಫೋಟೋ. ಎಲ್ಲರೂ ಇದ್ದ ಫೋಟೋ.

"ಚಿಕ್ಕಮ್ಮನೂ ನಾನೂ ಹೊಳೆ ಹತ್ರ ತಗೊಂಡು ಹೋದ್ವಿ. ಪದ್ಧತಿ ಪ್ರಕಾರ ಎಲ್ಲಾ ಸುಟ್ವಿ. ಅವರಿಗೆ ಗೋರಿ ಇಲ್ಲ, ಪ್ರಾರ್ಥನೆ ಇಲ್ಲ, ಏನೂ ಇಲ್ಲ. ಅದೊಂದಾದ್ರೂ ಸರಿಯಾಗಿ ಮಾಡ್ಬೇಕಿತ್ತು. ಪಾಪ ಆ ಹೆಂಗಸು ದಂಡೆ ಮೇಲೆ ನಿಂತ್ಕೊಂಡು ಅತ್ತಿದ್ದೇ ಅತ್ತಿದ್ದು. 'ಇದಕ್ಕಾ ನಾನು ಪ್ರಾಣ ಒತ್ತೆ ಇಟ್ಟು ಕಾಪಾಡಿದ್ದು' ಅಂತ. ಆಮೇಲೆ ನಮ್ಮನ್ನ ಮಾತಾಡಿಸ್ಲಿಲ್ಲ."

ಟೀಚರ್ ಪೆನ್ನಿನ ಮುಚ್ಚಳ ಹಾಕಿದಳು. ಚೀಲದಿಂದ ಪುರಸಭೆಯ ಕಾಗದ ತೆಗೆದು ಓದಿದಳು. ಶಾಲೆಯ ದಾಖಲೆಯ ಪ್ರಕಾರ ಸದರಿ ಕುಟುಂಬ ಊರು ಬಿಟ್ಟು ಹೋಗಿದೆ. ಬೇರೆ ದಾಖಲೆಯಾಗಲಿ, ಬದುಕಿರುವವರ ಸಹಿ ಹಾಕಿದ ಹೇಳಿಕೆಯಾಗಲಿ ಗುರುವಾರದೊಳಗೆ ಸಿಕ್ಕದಿದ್ದರೆ ಕಲ್ಲುಕುಟಿಗನಿಗೆ ಈಗಿರುವ ಪಟ್ಟಿಯನ್ನೇ ಕೊಡಲಾಗುವುದು. ಯಾರಿಗೂ ಬೇಸರವಾಗಬಾರದೆಂದು ಪಟ್ಟಿಯ ಕೊನೆಗೆ "ಮತ್ತು ಇತರರು" ಎಂದು ಸೇರಿಸಲಾಗುವುದು.

"ಇತರರು ಅಂದ್ರೆ?" ಎಂದು ಫಿಲೋಮೆನಾ ಕೇಳಿದಳು.

"ಅಂದ್ರೆ... ನಿಮ್ಮವರು."

"ನಮ್ಮಪ್ಪ ಇತರ?"

ಟೀಚರ್ ತಲೆ ತಗ್ಗಿಸಿದಳು. "ನೀವು ಬಂದು ಹೆಸರು ಹೇಳಿ ಒಂದು ಸಹಿ ಹಾಕಿದ್ರೆ ಸಾಕು. ಹತ್ತು ನಿಮಿಷದ ಕೆಲಸ" ಅಂದಳು. ಒಳ್ಳೆಯ ಹೆಂಗಸೇ. ಆದರೆ ಹತ್ತು ನಿಮಿಷದ ಕೆಲಸ ಅಂದದ್ದನ್ನು ಫಿಲೋಮೆನಾ ಮನಸ್ಸಿನಲ್ಲಿ ಬಹಳ ದಿನ ಕ್ಷಮಿಸಲಿಲ್ಲ.

ಗಾಜೊಗಳಿಗೆ ಇದನ್ನು ಹೇಳಿ ತಿಳಿಸುವುದು ಕಷ್ಟ. ಅವರು ಸತ್ತವರ ಹೆಸರನ್ನು ಬೀದಿಗೆ ಇಡುತ್ತಾರೆ, ಹಡಗಿಗೆ ಇಡುತ್ತಾರೆ, ಹುಟ್ಟಿದ ಮಗುವಿಗೆ ಇಡುತ್ತಾರೆ. ಗೌರವ ಅಂದರೆ ಅವರಿಗೆ ಅದು. ನಮ್ಮವರಿಗೆ ಗೌರವ ಅಂದರೆ ಬಾಯಿ ಮುಚ್ಚಿಕೊಂಡಿರುವುದು. ಸತ್ತವರ ಹೆಸರು ಎತ್ತುವುದಿಲ್ಲ. ಅವರು ಇಷ್ಟಪಟ್ಟು ಹಾಡುತ್ತಿದ್ದ ಹಾಡು ಹಾಡುವುದಿಲ್ಲ. ಅವರಿಗೆ ಪ್ರಿಯವಾದ ತಿಂಡಿಯನ್ನು ಬದುಕಿರುವವರು ಬಿಟ್ಟುಬಿಡುತ್ತಾರೆ.

ಟೀಚರ್ ಹೋದ ಮೇಲೆ ಫಿಲೋಮೆನಾ ಕಪ್ಪು ತೊಳೆಯಲು ನಿಂತಳು. ರಮೋನಾ ಪಕ್ಕಕ್ಕೆ ಬಂದು ನಿಂತಳು.

"ಅಮ್ಮ, ಎಷ್ಟು ಜನ?"

"ಏನು ಎಷ್ಟು ಜನ?"

"ಹೋದೋರು."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಫಿಲೋಮೆನಾ ನೊರೆ ಮೆತ್ತಿದ ಕೈಯನ್ನು ಮೇಲೆತ್ತಿ ಐದು ಬೆರಳು ತೋರಿಸಿದಳು. ತೋರಿಸಿ ಮತ್ತೆ ನೀರಿಗೆ ಅದ್ದಿದಳು.

"ಅಜ್ಜ, ಅಜ್ಜಿ. ಆ ಪುಸ್ತಕದಲ್ಲಿ ನೀನಲ್ದೆ ಇನ್ನಿಬ್ರು. ಐದನೇದು ಯಾರು?"

"ಅಕ್ಕ ಒಬ್ಳು, ತಮ್ಮ ಒಬ್ಬ ಸ್ಕೂಲಿಗೆ ಬರ್ತಿದ್ರು. ಪುಟ್ಟದು ಇನ್ನೂ ಸ್ಕೂಲಿಗೆ ಸೇರಿರ್ಲಿಲ್ಲ. ಎರಡು ವರ್ಷ. ನಾನೇ ಎತ್ತಾಡ್ಸಿದ್ದು."

"ಆ ಮಗೂದು ಕಾಗದ?"

"ಅವನು ಹುಟ್ಟಿದ್ದು ಬೇರೆ ಊರಲ್ಲಿ, ನಮ್ಮಮ್ಮನ ತವರಲ್ಲಿ. ಆ ಊರಿನ ಕಚೇರಿ ಬಾಂಬಿಗೆ ಹೋಯ್ತು. ಅವನದ್ದು ಇದ್ದ ಒಂದು ಕಾಗದ ನಾನು ಹೊಳೆ ಹತ್ರ ಸುಟ್ಟಿದ್ದು."

ರಮೋನಾಗೆ ಆಗ ಇನ್ನೇನೋ ಹೊಳೆಯಿತು. "ಅಮ್ಮ, ಪ್ಲಮ್ ಹಣ್ಣು ನಿನ್ ಮೈಗೆ ಆಗಲ್ಲ ಅಂತೀಯಲ್ಲ. ಪ್ಲಮ್ ಕಡುಬು ಕಂಡ್ರೆ ಮುಖ ತಿರುಗಿಸ್ತೀಯಲ್ಲ."

"ಆಗುತ್ತೆ. ಚೆನ್ನಾಗೇ ಆಗುತ್ತೆ" ಅಂದಳು ಫಿಲೋಮೆನಾ. "ನಮ್ಮಮ್ಮನಿಗೆ ಅದು ಪ್ರಾಣ ಆಗಿತ್ತು."

ಮಗಳಿಗೆ ಅಳು ಬಂತು, ಸಿಟ್ಟೂ ಬಂತು. "ನನ್ಗಾದ್ರೂ ಹೇಳ್ಬಾರ್ದಿತ್ತಾ? ನಾನು ಯಾರು, ಗಾಜೊನಾ? ನಾಳೆ ನೀನು ಹೋದ್ರೆ ಆ ಪುಟ್ಟ ಮಗು ಇತ್ತು ಅನ್ನೋದು ಈ ಭೂಮಿ ಮೇಲೆ ಒಬ್ರಿಗೂ ಗೊತ್ತಿರಲ್ಲ. ಅದು ಗೌರವಾನಾ ಅಮ್ಮ?"

ಫಿಲೋಮೆನಾ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಶಾಲು ಹೊದ್ದು ಹೊರಟಳು. ಎಲ್ಲಿಗೆ ಅಂತ ಮಗಳು ಕೇಳಬೇಕಾಗಿರಲಿಲ್ಲ. ಮನೆತನದಲ್ಲಿ ದೊಡ್ಡ ಮಾತು ಬಂದಾಗ ಎಲ್ಲರೂ ಹೋಗುವುದು ಲೋಲೋ ಹತ್ತಿರ.

ಲೋಲೋ ಫಿಲೋಮೆನಾಳ ತೀರಿಕೊಂಡ ಗಂಡನ ಅಣ್ಣ. ಅರವತ್ತು ವರ್ಷ. ಊರ ಹೊರಗೆ ರೈಲು ಹಳಿಯ ಪಕ್ಕ ಮನೆ ಕಟ್ಟಿಕೊಂಡಿದ್ದರೂ ಅಂಗಳದಲ್ಲಿ ನಿಲ್ಲಿಸಿದ ಗಾಡಿಯಲ್ಲೇ ಮಲಗುವವನು. ರತ್ನಗಂಬಳಿ ವ್ಯಾಪಾರ. ಇವಳು ಹೋದಾಗ ಬೇಲಿಯ ಮೇಲೆ ಗಂಬಳಿ ಹರವಿ ಕೋಲಿನಿಂದ ಧೂಳು ಬಡಿಯುತ್ತಿದ್ದ.

"ಬಾರಮ್ಮ. ಮುಖ ನೋಡಿದ್ರೆ ಕಾಫಿಗೆ ಬಂದ ಹಾಗಿಲ್ಲ."

ಇವಳು ನಿಂತುಕೊಂಡೇ ಎಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಗಂಬಳಿಗೆ ಇನ್ನೂ ನಾಲ್ಕು ಬಿಗಿದ.

"ಹೆಸರು ಕೇಳ್ಕೊಂಡು ಬಂದ ಮೊದಲ್ನೇ ಹೆಂಗಸಲ್ಲ ಇವಳು" ಅಂದ. "ನಿನಗೆ ನೆನಪಿರಲ್ಲ, ಚಿಕ್ಕವಳು. ಮೂವತ್ತೆಂಟರಲ್ಲಿ ಬರ್ಲಿನ್ನಿಂದ ಒಬ್ಳು ಬಂದಿದ್ಲು. ಎಷ್ಟು ನಯ, ಎಷ್ಟು ವಿನಯ! ನಮ್ಮ ಭಾಷೆ ನಮಗಿಂತ ಚೆನ್ನಾಗಿ ಮಾತಾಡೋಳು. ಮಕ್ಕಳಿಗೆಲ್ಲಾ ಪೆಪ್ಪರ್‌ಮೆಂಟು. ನಿಮ್ಮಜ್ಜಿ ಹೆಸರೇನಮ್ಮ, ಅವರಮ್ಮನ ಹೆಸರೇನಮ್ಮ, ತೀರ್ಕೊಂಡೋರ್ದೂ ಹೇಳಿ ಪರವಾಗಿಲ್ಲ ಅನ್ನೋಳು. ನಮ್ಮಮ್ಮ ಮರ್ಯಾದೆಗೆ ಕಟ್ಟುಬಿದ್ದು ಹೇಳಿದ್ಲು. ಮೂವತ್ತೊಂದು ಹೆಸರು. ನಾನು ಪಕ್ಕದಲ್ಲೇ ಪೆಪ್ಪರ್‌ಮೆಂಟು ಚೀಪ್ತಾ ಕೂತಿದ್ದೆ. ಐದು ವರ್ಷ ಆದ್ಮೇಲೆ ಅದೇ ಪಟ್ಟಿ ಹಿಡ್ಕೊಂಡು ಬಂದು ರೈಲು ಹತ್ತಿಸಿದ್ರು. ಈಗ ಮತ್ತೆ ಕಚೇರಿಗೆ ಹೋಗಿ ಹೆಸರು ಬರೆಸ್ತೀನಿ ಅಂತೀಯಾ? ಬುದ್ಧಿ ನೆಟ್ಟಗಿದ್ಯಾ ನಿನಗೆ?"

ಫಿಲೋಮೆನಾಳಿಗೆ ಆ ಹೆಂಗಸು ನೆನಪಿದ್ದಳು. ಪೆಪ್ಪರ್‌ಮೆಂಟೂ ನೆನಪಿತ್ತು. ಅಂಗಳದ ಗೋಡೆಗೆ ಒರಗಿ ನಿಂತಳು.

"ನೀನು ಹೇಳೋದೆಲ್ಲಾ ಸರಿ ಭಾವ. ಆವತ್ತು ಹೇಳಿದ್ದಕ್ಕೆ ಸತ್ರು. ಆದ್ರೆ ಈಗ ಹೇಳ್ದಿದ್ರೆ ಹುಟ್ಟೇ ಇರ್ಲಿಲ್ಲ ಅಂತ ಆಗುತ್ತೆ. ನಾವು ಅವರ ಮರ್ಯಾದೆಗೆ ಬಾಯಿ ಮುಚ್ಕೊಂಡ್ವಿ. ಊರೋರು ತಮ್ಮ ಮರ್ಯಾದೆಗೆ ಬಾಯಿ ಮುಚ್ಕೊಂಡ್ರು. ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ ಭಾವ. ಕಲ್ಲಿನ ಮೇಲೆ ಇತರರು ಅಂತ ಕೆತ್ತುತಾರಂತೆ. ಎರಡು ವರ್ಷದ ಮಗು. ನನ್ನ ಸೊಂಟದ ಮೇಲೆ ಬೆಳೆದದ್ದು."

ಲೋಲೋ ಕೋಲನ್ನು ಬೇಲಿಗೆ ಆನಿಸಿದ. ಒಂದು ಗೂಡ್ಸ್ ಗಾಡಿ ಹಳಿಯ ಮೇಲೆ ಬಂದು ಹೋಯಿತು.

"ಕಲ್ಲಿನ ಮೇಲೆ ನಾಯಿ ಉಚ್ಚೆ ಹೊಯ್ಯುತ್ತೆ" ಅಂದ ಕೊನೆಗೆ.

"ಹೊಯ್ಯಲಿ. ತೊಳೆಯೋಕೆ ನಾನಿದ್ದೀನಿ."

ಅವನಿಗೆ ನಗು ಬಂತು, ಬಂದದ್ದನ್ನು ಮೀಸೆಯಲ್ಲೇ ಅಡಗಿಸಿದ. "ಹೋಗು. ಆದ್ರೆ ಒಂದೇ ಸಲ. ಮೊದ್ಲು ಅವರ ಹತ್ರ ಕ್ಷಮೆ ಕೇಳ್ಕೊ, ಆಮೇಲೆ ಒಬ್ಬೊಬ್ಬರದ್ದೂ ಒಂದೇ ಸಲ ಹೇಳಿ ಬಾಯಿ ಮುಚ್ಚು. ಮತ್ತೆ ಮತ್ತೆ ಕೂಗೋಕೆ ಅದು ಸಂತೆ ಸರಕಲ್ಲ. ಆಣೆ ಇಡು."

ಫಿಲೋಮೆನಾ ಸತ್ತವರ ಮೇಲೆ ಆಣೆ ಇಟ್ಟಳು. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಅದನ್ನು ಮುರಿದವರ ಜೊತೆ ಒಂದೇ ಮೇಜಿನಲ್ಲಿ ಕೂತು ಊಟ ಮಾಡುವವರೂ ಇರುವುದಿಲ್ಲ.

ಗುರುವಾರ ಬೆಳಿಗ್ಗೆ ರಮೋನಾ ಸಲೂನಿಗೆ ರಜೆ ಹಾಕಿ ಅಮ್ಮನ ಕೂದಲು ತಾನೇ ಕಟ್ಟಿದಳು. ಫಿಲೋಮೆನಾ ಉದ್ದ ತೋಳಿನ ಕಪ್ಪು ಉಡುಪು ಹಾಕಿಕೊಂಡಳು. ಬೇಸಿಗೆಯಲ್ಲೂ ಅವಳು ಉದ್ದ ತೋಳಿನದ್ದೇ ಹಾಕುವುದು, ಎಡಗೈ ಮೇಲೆ ಶಿಬಿರದಲ್ಲಿ ಚುಚ್ಚಿದ ಹಚ್ಚೆಯ ನಂಬರು ಕಾಣದಿರಲಿ ಅಂತ. ಪುರಸಭೆಯ ಪಡಸಾಲೆಯಲ್ಲಿ ಕೆಸ್ಲರ್ ಟೀಚರ್ ಅವರಿಗಿಂತ ಮುಂಚೆ ಬಂದು ಕಾಯುತ್ತಿದ್ದಳು. ಒಳಗೆ ಬರಲು ಎದ್ದಳು.

"ನೀವು ಹೊರಗೇ ಇರಿ ಟೀಚರ್, ಬೇಜಾರು ಮಾಡ್ಕೋಬೇಡಿ" ಅಂದಳು ಫಿಲೋಮೆನಾ. "ಬರ್ಕೊಳ್ಳೋಕೆ ಒಬ್ರು ಕೇಳಿಸ್ಕೊಂಡ್ರೆ ಸಾಕು."

ಗುಮಾಸ್ತ ಡೀಟ್ಸ್ ತೆಳ್ಳಗಿನ, ಸಭ್ಯ ಮನುಷ್ಯ. ಎದ್ದು ನಿಂತು ಕೈಕುಲುಕಿದ, ಕುರ್ಚಿ ಎಳೆದು ಕೊಟ್ಟ, ಎರಡು ಲೋಟ ನೀರು ತಂದಿಟ್ಟ. ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿ ಹೇಳಿದ: "ಹೆಸರು, ಹುಟ್ಟಿದ ವರ್ಷ, ನಿಮಗೆ ಏನಾಗ್ಬೇಕು. ಅಷ್ಟು ಹೇಳ್ತಾ ಹೋಗಿ. ನಾನು ಎರಡು ಬೆರಳಿನ ಗಿರಾಕಿ, ಸ್ವಲ್ಪ ನಿಧಾನ."

"ನಾನು ಒಂದೇ ಸಲ ಹೇಳೋದು" ಅಂದಳು ಫಿಲೋಮೆನಾ.

ಆಕೆಗೆ ಏನೋ ಅವಸರ ಇರಬೇಕು ಅಂದುಕೊಂಡ ಡೀಟ್ಸ್. "ಆಗ್ಲಿ ಆಗ್ಲಿ" ಅಂದ.

ಫಿಲೋಮೆನಾ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿದ್ದು ಕಂಡಿತು. ನಮ್ಮ ಭಾಷೆಯಲ್ಲಿ ಕ್ಷಮೆ ಕೇಳುತ್ತಿದ್ದಳು. ಪಕ್ಕದಲ್ಲಿ ಕೂತ ರಮೋನಾ ತನ್ನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಫಿಲೋಮೆನಾ ಅಪ್ಪನ ಹೆಸರು ಹೇಳಿದಳು. ಟೈಪ್‌ರೈಟರ್ ಟಕಟಕ ಅಂದಿತು. ಅಮ್ಮನ ಹೆಸರು ಹೇಳಿದಳು. ಅಕ್ಕನದ್ದು ಹೇಳಿದಳು. ತಮ್ಮನದ್ದು ಹೇಳಿದಳು. ಆ ನಾಲ್ಕು ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನಮ್ಮವರಲ್ಲಿ ಹಾಗೆ ಬರೆಯುವ ಪದ್ಧತಿ ಇಲ್ಲ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಡೀಟ್ಸ್ ಒಂದು ನಿಮಿಷ ಅನ್ನುವಂತೆ ಬೆರಳೆತ್ತಿ ಫೋನೆತ್ತಿದ. "ಹೌದು, ಕಲ್ಲಿನ ಪಟ್ಟಿ ತಾನೇ? ಮಧ್ಯಾಹ್ನದೊಳಗೆ ಕಳಿಸ್ತೀನಿ ಮಾರಾಯ, ಗಂಟೆಗೊಂದ್ಸಲ ಫೋನ್ ಮಾಡ್ಬೇಡ" ಅಂದ. ಕಣ್ಣು ಮುಚ್ಚಿದ್ದ ಫಿಲೋಮೆನಾಳಿಗೆ ಆ ಬೆರಳು ಕಾಣಲಿಲ್ಲ. ಫೋನಿನ ಸದ್ದಾದರೂ ಕೇಳಿಸಿತೋ ಇಲ್ಲವೋ. ಅವಳು ತಣ್ಣೀರಿಗೆ ಧುಮುಕಿದವಳು, ದಡ ಮುಟ್ಟುವವರೆಗೆ ನಿಲ್ಲುವಂತಿರಲಿಲ್ಲ. ಐದನೇ ಹೆಸರನ್ನೂ ಹೇಳಿಬಿಟ್ಟಳು. ಹೇಳಿ ದೀರ್ಘವಾಗಿ ಉಸಿರು ಬಿಟ್ಟಳು.

ಡೀಟ್ಸ್ ಫೋನಿಟ್ಟ. "ಕ್ಷಮಿಸಿ. ಕೊನೇದು ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಫಿಲೋಮೆನಾ ಕಣ್ಣು ಬಿಟ್ಟಳು.

"ಹೇಳಿಯಾಯ್ತು."

"ಹೌದು, ಫೋನ್ ಬಂತಲ್ಲ. ನನ್ನದೇ ತಪ್ಪು. ದಯವಿಟ್ಟು ಇನ್ನೊಂದ್ಸಲ."

"ಆಗಲ್ಲ."

ಡೀಟ್ಸ್ ಆಕೆಯನ್ನು ನೋಡಿದ, ಮಗಳನ್ನು ನೋಡಿದ. ಒಂದು ಬಿಳಿ ಹಾಳೆಯನ್ನೂ ಪೆನ್ಸಿಲನ್ನೂ ಮುಂದೆ ತಳ್ಳಿದ. "ಹೇಳೋಕೆ ಕಷ್ಟ ಆದ್ರೆ ಬರೆದುಕೊಡಿ." ಫಿಲೋಮೆನಾ ಹಾಳೆಯನ್ನು ಮುಟ್ಟಲಿಲ್ಲ. ಅವನು ಹೋದ ಮೇಲೆ ಒಮ್ಮೆಯೂ ಬಾಯಿಗೆ ತರದ ಹೆಸರು, ತಂದ ಒಂದೇ ಸಲವೂ ಫೋನಿನ ಗಂಟೆಯಲ್ಲಿ ಮುಳುಗಿಹೋಗಿತ್ತು. ಆಣೆ ಮುರಿಯುವ ಹೆಂಗಸಲ್ಲ ಅವಳು.

ಡೀಟ್ಸ್ ಹಣೆ ಉಜ್ಜಿಕೊಂಡ. ಅವನದ್ದು ಕೆಟ್ಟ ಮನಸ್ಸಲ್ಲ. ಇರುವ ಕಾಗದಕ್ಕೆ ಏನಾದರೊಂದು ದಾರಿ ಮಾಡಬೇಕು ಅಂತ ನೋಡುತ್ತಿದ್ದ, ಅಷ್ಟೇ. "ಒಂದು ಕೆಲಸ ಮಾಡೋಣ" ಅಂದ. "ಈ ನಾಲ್ಕು ಹೆಸರು ಹಾಕಿ, ಕೆಳಗೆ 'ಮತ್ತು ಒಂದು ಮಗು' ಅಂತ ಬರೀತೀನಿ. ನಡೆಯುತ್ತಾ?"

ರಮೋನಾಗೆ ಆ ಹೆಸರು ಕೇಳಿಸಿತ್ತು. ಹುಟ್ಟಿದಾಗಿನಿಂದ ಅವಳಿಗೂ ಕಲಿಸಿದ್ದು ಒಂದೇ ಪಾಠ, ಹೋದವರ ಹೆಸರು ಎತ್ತಬೇಡ. ಅಮ್ಮನ ಮುಖ ನೋಡಿದಳು. ಅಮ್ಮ ಹೂಂ ಅನ್ನಲಿಲ್ಲ, ಬೇಡ ಎಂದೂ ತಲೆಯಾಡಿಸಲಿಲ್ಲ. ಲೋಟದ ನೀರನ್ನೇ ನೋಡುತ್ತ ಕೂತಿದ್ದಳು.

ರಮೋನಾ ಹೇಳಿದಳು. ತಗ್ಗಿದ ದನಿಯಲ್ಲಿ, ಗುಮಾಸ್ತನಿಗೆ ಮಾತ್ರ ಕೇಳುವ ಹಾಗೆ.

ಫಿಲೋಮೆನಾ ಲೋಟದ ಮೇಲಿನಿಂದ ಕಣ್ಣೆತ್ತಿದಳು. ನಲವತ್ತೆರಡು ವರ್ಷಗಳಲ್ಲಿ ಆ ಹೆಸರನ್ನು ಬೇರೊಬ್ಬರ ಬಾಯಿಂದ ಅವಳು ಕೇಳಿರಲಿಲ್ಲ. ಬೈಯುತ್ತಾಳೆ ಅಂತ ಮಗಳು ಹೆದರಿ ಕಾದಳು.

"ಹಂಗಲ್ಲ" ಅಂದಳು ಫಿಲೋಮೆನಾ ಮೆಲ್ಲಗೆ. "ಅಷ್ಟು ಗಿಡ್ಡಕ್ಕೆ ಕರೀತಿರ್ಲಿಲ್ಲ ಅವನನ್ನ. ಕೊನೇಲಿ ಸ್ವಲ್ಪ ಎಳೀಬೇಕು. ಅಂಗಳದಲ್ಲಿ ಆಡ್ತಿರೋನನ್ನ ಊಟಕ್ಕೆ ಕರೆಯೋಲ್ವಾ, ಹಂಗೆ."

ರಮೋನಾ ಎದ್ದು ನಿಂತಳು. ಪುರಸಭೆಯ ಆ ಕೋಣೆಯಲ್ಲಿ, ಫೈಲುಗಳ ನಡುವೆ, ಊಟಕ್ಕೆ ಹೊತ್ತಾಯಿತು ಎಂದು ಕರೆಯುವವಳ ಹಾಗೆ ಗಟ್ಟಿಯಾಗಿ, ಎಳೆದು, ಆ ಹೆಸರನ್ನು ಕೂಗಿದಳು. ಹೊರಗೆ ಪಡಸಾಲೆಯಲ್ಲಿ ಅತ್ತಿತ್ತ ಓಡಾಡುತ್ತಿದ್ದ ಟೀಚರಳ ಹೆಜ್ಜೆಯ ಸದ್ದು ನಿಂತಿತು. ಡೀಟ್ಸ್ ತಲೆ ಬಗ್ಗಿಸಿ ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತತೊಡಗಿದ. ಕೊನೆಯ ಅಕ್ಷರ ಬೀಳುವವರೆಗೂ ಫಿಲೋಮೆನಾ ಬಾಗಿಲ ಕಡೆಗೇ ತಿರುಗಿ ನೋಡುತ್ತಿದ್ದಳು.